ಹಳೆಯ ಗಾಜಿನಿಂದ ಮೀನಿನ ತೊಟ್ಟಿ



ಕಲಬುರಗಿಯ ಬ್ರಹ್ಮಪುರದಂಥ ಹಳೆಯ ಬಡಾವಣೆಗಳಲ್ಲಿ ಮನೆಯನ್ನು ಕೆಡವಿ ಕಟ್ಟುವಾಗ ಕಿಟಕಿ, ಕಪಾಟುಗಳ ಗಾಜು ಗುಜರಿಯ ಪಾಲಾಗುವುದುಂಟು. ಅಂಥ ಗಾಜಿನಿಂದ ಮೀನು ಸಾಕುವ ತೊಟ್ಟಿಯನ್ನು ಮನೆಯಲ್ಲಿಯೇ ಮಾಡಬಹುದು. ಆದರೆ ಬಿಟ್ಟಿಯಾಗಿ ದೊರೆತ ವಸ್ತುವನ್ನು ಪರೀಕ್ಷಿಸದೆ ನಂಬತಕ್ಕದ್ದಲ್ಲ. ಏತಕ್ಕೆಂದರೆ ಮುಂದೆ ಜೀವಗಳು ಅದನ್ನೇ ನಂಬಿ ಬಾಳಬೇಕು.

ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನಿರಿಸಿ ಅಭ್ಯಾಸಮಾಡುವ ಪದ್ಧತಿಗೆ ದಾರಿ ತೋರಿದವಳು ಓರ್ವ ಸ್ತ್ರೀ. ಫ್ರಾನ್ಸ್ ದೇಶದ ಜೀನ್ ವಿಲೆಪ್ರೂ ಪವರ್ ಎಂಬಾಕೆ ಮೊದಲು ಪ್ಯಾರಿಸಿನಲ್ಲಿ ಉಡುಪು ಹೊಲಿಯುವ ಕೆಲಸದಲ್ಲಿದ್ದಳು. ಸಿಸಿಲಿ ದ್ವೀಪದಲ್ಲಿ ನೆಲಸಿದ ಬಳಿಕ 1832ರಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ, ಆರ್ಗೊನಾಟ್ ಎಂಬ ಕಡಲಜೀವಿಯು ತನ್ನ ಚಿಪ್ಪನ್ನು ತಾನೇ ರಚಿಸಿಕೊಳ್ಳುವುದೆಂದು ತೋರಿಸಿದಳು. ಅದು ಪರರ ಚಿಪ್ಪನ್ನು ಅಪಹರಿಸುವುದೆಂದು ಹಲವು ಪಂಡಿತರು ಅದುವರೆಗೆ ಎಣಿಸಿದ್ದರು.

ಇನ್ನು ನಮ್ಮ ತೊಟ್ಟಿಯ ವಿಚಾರ. ಅದು 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ ಇರಲಿ. 25 ಸೆಂಟಿಮೀಟರ್ ನೀರು ತುಂಬಿದರೆ ಸುಮಾರು 45 ಲೀಟರು, ಎಂದರೆ 45 ಕಿಲೋಗ್ರಾಂ ಭಾರವಾಯಿತು. ಉದ್ದದ ಒಂದೊಂದು ಗೋಡೆಯ ಮೇಲೆ ಬೀಳುವ ಒತ್ತಡವು ಸುಮಾರು 19 ಕಿಲೋಗ್ರಾಂ ತೂಕಕ್ಕೆ ಸಮ. ನೀರಿನ ಆಳವನ್ನು ಇಮ್ಮಡಿಮಾಡಿದರೆ ಆ ಒತ್ತಡವು ನಾಲ್ಮಡಿಯಾಗಿ 75 ಕಿಲೋಗ್ರಾಮಿಗೇರುವುದು. ಆದಕಾರಣ ಹಳೆಯ ಗಾಜಿನ ತೊಟ್ಟಿಯು ತಗ್ಗಾಗಿರುವುದೇ ಲೇಸು. ಕಿಟಕಿಯ 3 ಮಿಲಿಮೀಟರ್ ಗಾಜು ಇದಕ್ಕೆ ಸಾಲದು. ಮೇಜಿನ ಮೇಲಿನ ಅಥವಾ ಅಂಗಡಿಯ ಕಪಾಟಿನ 6 ಮಿಲಿಮೀಟರ್ ಗಾಜನ್ನು ಆರಿಸಬೇಕು. ಬಿರುಕು, ಆಳವಾದ ಗೀರು, ಅಂಚಿನ ಮುಕ್ಕು ಇರುವ ತುಂಡನ್ನು ಬಿಟ್ಟುಬಿಡಬೇಕು. ಮೋಟಾರು ಬಂಡಿಯ ಪಕ್ಕದ ಕಿಟಕಿಯ ಗಾಜನ್ನು ತರಬಾರದು. ಕಾಯಿಸಿ ಬಲಪಡಿಸಿದ ಆ ಗಾಜನ್ನು ಕೊಯ್ಯಹೋದರೆ ಹರಳು ಹರಳಾಗಿ ಒಡೆಯುವುದು.

ಗಾಜು ಕೊಯ್ಯುವುದನ್ನು ಅನುಭವಸ್ಥನಿಗೆ ಒಪ್ಪಿಸಿ, ಅಂಚುಗಳನ್ನು ಉಜ್ಜಿಸಿರಿ. ತಳಕ್ಕೆ 60ಕ್ಕೆ 30ರ ಒಂದು ತುಂಡು, ಉದ್ದದ ಗೋಡೆಗಳಿಗೆ ಅದೇ ಅಳತೆಯ ಎರಡು ಬೇಕು. ಪಕ್ಕದ ಎರಡು ಗೋಡೆಗಳು ಇವುಗಳ ನಡುವೆ ಕೂಡಬೇಕಾದುದರಿಂದ ಅವುಗಳ ಅಗಲ 28.8 ಮಾತ್ರ ಇರಬೇಕು. ಗೋಡೆಗಳನ್ನು ತಳದ ಗಾಜಿನ ಮೇಲೆ ನಿಲ್ಲಿಸಬೇಕು. ಹಳೆಯ ಅಂಟಿದ್ದರೆ ಪೂರ್ಣವಾಗಿ ಕೆರೆದು, ಅಂಚನ್ನು ಸ್ಪಿರಿಟಿನಿಂದ ಒರಸಿರಿ. ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯದು. ಮೀನಿನ ತೊಟ್ಟಿಗೆ ತಕ್ಕ ಸಿಲಿಕೋನ್ ಅಂಟನ್ನೇ ಬಳಸಬೇಕು. ಸ್ನಾನದ ಮನೆಗೆಂದು ಬೂಷ್ಟುನಾಶಕ ಬೆರಸಿದ ಅಂಟು ಮೀನುಗಳಿಗೆ ವಿಷವಾದೀತು.

ಒಂದು ವಾರ ಒಣಗಿಸಿದ ಮೇಲೆ ತೊಟ್ಟಿಯನ್ನು ಅಂಗಳದಲ್ಲಿ ಸಮನಾದ ಹಲಗೆಯ ಮೇಲಿರಿಸಿ, ಕೆಳಗೆ ಕಾಗದ ಹಾಸಿ, ನೀರು ತುಂಬಿ ಎರಡು ದಿನ ಬಿಡಿರಿ. ಕಾಗದವು ನೆನೆದರೆ ಸೋರಿಕೆ ಉಂಟೆಂದು ತಿಳಿಯುವುದು. ಆಗ ನೀರು ಚೆಲ್ಲಿ, ಸಂದನ್ನು ಕೆರೆದು ಮತ್ತೆ ಅಂಟಿಸಿ, ಮತ್ತೆ ಪರೀಕ್ಷಿಸಬೇಕು. ಇಲ್ಲಿ ಬೇಸರಪಟ್ಟವಳು ಮುಂದೆ ಮನೆಯೊಳಗೆ ಪಶ್ಚಾತ್ತಾಪಪಡುವಳು.

ನಮ್ಮ ಜಿಲ್ಲೆಯಲ್ಲಿ ಶಹಾಬಾದ ಕಲ್ಲು ಸುಲಭವಾಗಿ ದೊರೆಯುವುದಾದರೂ ಅದನ್ನು ತೊಟ್ಟಿಯೊಳಗೆ ಇಡದಿರುವುದು ಒಳಿತು. ಅದು ಸುಣ್ಣದ ಕಲ್ಲು. ನೀರಿನ ಗಡಸನ್ನು ಹೆಚ್ಚಿಸುವುದು. ಅದರ ಮೇಲೆ ನಿಂಬೆಯ ರಸ ಹಿಂಡಿದರೆ ಗುಳ್ಳೆಗಳೇಳುವುದನ್ನು ಕಾಣಬಹುದು. ಬೇಸಿಗೆಯಲ್ಲಿ ಇಲ್ಲಿ ಸೆಕೆ 40 ಡಿಗ್ರಿ ಮೀರುವುದುಂಟು. ನೀರು ಕಾದಷ್ಟೂ ಅದರಲ್ಲಿನ ಆಮ್ಲಜನಕ ಕುಂದುವುದರಿಂದ ತೊಟ್ಟಿಯನ್ನು ಬಿಸಿಲಿಗೆ ಇಡಬಾರದು.

ಮೀನುಗಳು ಕಟ್ಟಕಡೆಗೆ ಬರಲಿ. ಅವುಗಳ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಸೌಮ್ಯವಾದ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಬೆಳೆಯಲು ಕೆಲವು ವಾರಗಳು ಬೇಕು. ಆದುದರಿಂದ ಗಡಸು ನೀರನ್ನು ತಾಳಬಲ್ಲ ಗಪ್ಪಿ ಮೀನುಗಳನ್ನು ಎರಡು ಮೂರರಿಂದ ಆರಂಭಿಸಿ, ಮೇವನ್ನು ಮಿತವಾಗಿ ಹಾಕಿ, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿರಿ. ಸಾಕಿ ಸಾಕಾದರೆ ಅವನ್ನು ಅಪ್ಪನ ಕೆರೆಗೆ ಬಿಡಬೇಡಿರಿ. ಪರದೇಶದ ಮೀನು ಕೆರೆಯ ಮೀನುಗಳ ಪಾಲನ್ನು ಕಸಿದೀತು. ಸಾಕಬಲ್ಲ ಗೆಳತಿಗೆ ಕೊಡಿರಿ.

ಕಸವೆಂದು ಎಸೆದ ಗಾಜು ಹೀಗೆ ಒಂದು ಮನೆಯಾಗುವುದು. ಗಾಜಿಗೆ ಹಣ ಬೇಕಾಗಲಿಲ್ಲ, ನಿಜ. ಅದರ ಬೆಲೆಯನ್ನು ನಾವು ತಾಳ್ಮೆಯಿಂದಲೇ ತೆರಬೇಕು.