ಮುಖಕ್ಕೆ ಕೆಂಪು ಬೆಳಕು: ಕೊಳ್ಳುವ ಮುನ್ನ ಒಂದು ಲೆಕ್ಕ

ಕೆಂಪು ಬೆಳಕು ಬಿಡುವ ಎಲ್‌ಇಡಿ ಮಾಸ್ಕ್ ಮುಖದಲ್ಲಿ ಏನಾದರೂ ಗುಣ ತೋರಿಸಬೇಕಾದರೆ ವಾರಕ್ಕೆ ಮೂರ್ನಾಲ್ಕು ಸಲದಂತೆ ಎರಡು-ಮೂರು ತಿಂಗಳು ಹಾಕಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ವಾಪಸ್ ಮಾಡಲು ಸಿಗುವ ಗಡುವು ಸಾಮಾನ್ಯವಾಗಿ ಏಳರಿಂದ ಹತ್ತು ದಿನ. ಸೀಲ್ ಒಡೆದರೆ ಅದೂ ಇಲ್ಲ ಅನ್ನುವವರಿದ್ದಾರೆ. ಅಂದರೆ ನಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುವ ಹೊತ್ತಿಗೆ ದುಡ್ಡು ಕೈಬಿಟ್ಟು ಹೋಗಿರುತ್ತದೆ. ಬೆಲೆಗಿಂತ ಮೊದಲು ನಾನು ನೋಡುವುದು ಇದನ್ನೇ.

ಕೆಂಗೇರಿ ಉಪನಗರದಲ್ಲಿರುವ ನನ್ನ ತಂಗಿ 24,000 ರೂಪಾಯಿಯ ಮಾಸ್ಕ್ ಒಂದನ್ನು ಆರಿಸಿಟ್ಟಿದ್ದಳು. ‘ಅಕ್ಕಾ, ಬಡ್ಡೀನೇ ಇಲ್ವಂತೆ, ತಿಂಗಳಿಗೆ ನಾಲ್ಕೇ ಸಾವಿರ, ಆರು ತಿಂಗಳು’ ಅಂದಳು. ಹಿಂದೆ ಅವಳು ಇದೇ ಥರ ಕಂತಿನಲ್ಲಿ ಕೊಂಡ ಫೋನಿನ ಕಾರ್ಡ್ ಸ್ಟೇಟ್‌ಮೆಂಟ್ ತೆಗೆಸಿದೆ. ಪ್ರತಿ ಕಂತಿನ ಕೆಳಗೂ ಬಡ್ಡಿ, ಅದರ ಕೆಳಗೆ ಜಿಎಸ್‌ಟಿ ಎಂದು ಸಣ್ಣ ಸಣ್ಣ ಸಾಲುಗಳು. ಶೂನ್ಯ ಬಡ್ಡಿ ಎಂದು ಹೇಳಿ ಸಾಲ ಕೊಡುವುದಕ್ಕೆ ರಿಸರ್ವ್ ಬ್ಯಾಂಕ್ 2013ರಲ್ಲೇ ತಡೆ ಹಾಕಿತು. ಹಾಗಾಗಿ ಈಗ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಮಾರುವವರು ಬೆಲೆಯಲ್ಲಿ ಮೊದಲೇ ಕಳೆದಿರುತ್ತಾರೆ. ವರ್ಷಕ್ಕೆ ಶೇ 16ರ ಬಡ್ಡಿ ಎಂದಿಟ್ಟುಕೊಂಡರೆ ಆರು ಕಂತಿನಲ್ಲಿ ಅದು ಸುಮಾರು 1,080 ರೂಪಾಯಿ. ಅದರ ಮೇಲಿನ ಶೇ 18 ಜಿಎಸ್‌ಟಿ, ಸುಮಾರು 195 ರೂಪಾಯಿ, ನಮ್ಮ ತಲೆಗೇ. ಪ್ರೊಸೆಸಿಂಗ್ ಫೀಸ್ 199 ಇದ್ದರೆ ಅದಕ್ಕೂ ಜಿಎಸ್‌ಟಿ. ಒಟ್ಟು 430 ರೂಪಾಯಿ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಒಂದೇ ಸಲ ದುಡ್ಡು ಕಟ್ಟುವವರಿಗೆ ರಿಯಾಯಿತಿ ಏನಾದರೂ ಇದ್ದರೆ ಅದೂ ತಪ್ಪಿಹೋಗುತ್ತದೆ.

ನಿಜವಾದ ಖರ್ಚು ಗೊತ್ತಾಗುವುದು ಬಳಕೆಯಲ್ಲಿ. ವಾರಕ್ಕೆ ನಾಲ್ಕು ಸಲ, ಮೂರು ವರ್ಷ ಬಳಸಿದರೆ ಒಂದು ಸಲಕ್ಕೆ 38 ರೂಪಾಯಿ ಬೀಳುತ್ತದೆ. ಎರಡು ತಿಂಗಳಿಗೆ ಬೇಜಾರಾಗಿ ಬೀರು ಸೇರಿದರೆ ಒಂದು ಸಲಕ್ಕೆ ಏಳುನೂರರ ಹತ್ತಿರ. ವಿಜಯನಗರದಲ್ಲಿ ನಾನು ಹೋಗುವ ಪಾರ್ಲರ್‌ನಲ್ಲಿ ಅಷ್ಟಕ್ಕೆ ಒಂದು ಫೇಷಿಯಲ್ಲೇ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ನು ಕೆನ್ನೆ ಎತ್ತುವ ಮೈಕ್ರೋಕರೆಂಟ್ ಸಾಧನಗಳಿಗೆ ಮೇಲೆ ಸವರುವ ಜೆಲ್ ಬೇರೆ ಬೇಕು. ಟ್ಯೂಬ್ ಖಾಲಿಯಾದಾಗಲೆಲ್ಲ ಮತ್ತೆ ಖರ್ಚು, ಬಳಸುವುದು ನಿಲ್ಲಿಸಿದರೆ ಗುಣವೂ ನಿಲ್ಲುತ್ತದೆ. ಪೇಸ್‌ಮೇಕರ್ ಇದ್ದವರು ಅದನ್ನು ಮುಟ್ಟಲೇಬಾರದು.

ನನ್ನ ಕೆನ್ನೆಯ ಮೇಲೆ ಬಂಗು ಇದೆ. ನಮ್ಮ ಮೈಬಣ್ಣದವರಲ್ಲಿ ಬಂಗಿಗೆ ಬಿಸಿಲಷ್ಟೇ ಅಲ್ಲ, ಶಾಖವೂ ಕಣ್ಣಿಗೆ ಕಾಣುವ ಬೆಳಕೂ ಆಗದಿರಬಹುದು; ಅದರಲ್ಲೂ ನೀಲಿ ಬೆಳಕು. ಕಪ್ಪಗಾದ ಜಾಗದ ಮೇಲೆ ಕೂದಲು ತೆಗೆಯುವ ಐಪಿಎಲ್ ಯಂತ್ರ ಹಿಡಿದರೆ ಸುಟ್ಟು ಕಲೆ ಉಳಿಯುವ ಅಪಾಯವೂ ಇದೆ. ಅದಕ್ಕೇ ನನ್ನ ದುಡ್ಡು ಮೊದಲು ಹೋದದ್ದು ಚರ್ಮದ ವೈದ್ಯರ ಫೀಸಿಗೆ, ಆಮೇಲೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್‌ಗೆ. ಮಾಸ್ಕ್ ಮೂರನೆಯದು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೂ ನನ್ನನ್ನು ಈ ಮಾಸ್ಕ್ ಬಗ್ಗೆ ಕೇಳುತ್ತಾರೆ. ಅವರ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತದೆ; ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರಿದ್ದಾರೆ. ತಿಂಗಳು ತಿಂಗಳು ಕಟ್ಟುವ ದುಡ್ಡು ಅದು, ದಯವಿಟ್ಟು ಬಳಸಿಕೊಳ್ಳಿ.

ತಂಗಿಗೆ ಬಂಗು ಇಲ್ಲ, ವೈದ್ಯರೂ ಬೇಡ ಅನ್ನಲಿಲ್ಲ. ಬಸವೇಶ್ವರನಗರದ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಒಬ್ಬರು ಅದೇ ಮಾಸ್ಕನ್ನು ಅರ್ಧ ಬೆಲೆಗೆ ಮಾರಲು ಹಾಕಿದ್ದರು. ಇಂಥದ್ದನ್ನು ಕೊಳ್ಳುವಾಗ ಮೂಲ ಬಿಲ್ ಕೇಳಿ ಪಡೆಯಬೇಕು, ಉಳಿದ ವಾರಂಟಿ ನಮಗೂ ಸಲ್ಲುತ್ತದೋ ಎಂದು ಕಂಪನಿಗೆ ಫೋನ್ ಮಾಡಿ ಕೇಳಬೇಕು. ಕೆಂಪು ದೀಪಗಳು ಕಣ್ಣಿಗೇ ಕಾಣುತ್ತವೆ. ಅತಿಗೆಂಪು ದೀಪಗಳು ಉರಿಯುತ್ತಿವೆಯೋ ಇಲ್ಲವೋ ನೋಡಲು ಕೋಣೆ ಕತ್ತಲು ಮಾಡಿ, ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿಯಿರಿ. ಟಿವಿ ರಿಮೋಟಿನ ಬಲ್ಬಿನ ಹಾಗೆ ಮಸುಕು ನೇರಳೆಯಾಗಿ ಕಾಣುತ್ತವೆ. ನಾವು ನೋಡಿದ್ದರಲ್ಲಿ ಹಣೆಯ ಹತ್ತಿರ ಎರಡು ದೀಪ ಸತ್ತಿದ್ದವು. ಅದನ್ನು ತೋರಿಸಿ ಇನ್ನೊಂದಿಷ್ಟು ಇಳಿಸಿಕೊಂಡೆವು. ತಂಗಿ ಪೂರ್ತಿ ಹಣ ಯುಪಿಐನಲ್ಲಿ ಕಟ್ಟಿದಳು, ಕಂತಿಲ್ಲ.