ಉಡುಗೆಯ ಅನುಭವ: ಆಯ್ಕೆ ಮತ್ತು ಹೇರಿಕೆ

ಉಡುಗೆಯು ವ್ಯಕ್ತಿಯ ಅಭಿರುಚಿಯ ಅಭಿವ್ಯಕ್ತಿ ಎಂಬುದು ಫ್ಯಾಷನ್ ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಗ್ರಹಿಕೆ. ಉಡುವವರಿಗೆ ಆಯ್ಕೆಯ ಸ್ವಾತಂತ್ರ್ಯವಿದೆ ಎಂದು ಈ ಗ್ರಹಿಕೆ ಮೊದಲೇ ಭಾವಿಸಿಕೊಂಡಿರುತ್ತದೆ. ಆ ಸ್ವಾತಂತ್ರ್ಯವೇ ಇಲ್ಲದೆಡೆ ಉಡುಗೆಯ ಅನುಭವವನ್ನು ಹೇಗೆ ಅರ್ಥೈಸಬೇಕು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಗೋಪಾಲ್ ಗುರು ಮತ್ತು ಸುಂದರ್ ಸರುಕ್ಕೈ ಅವರ 'ದ ಕ್ರ್ಯಾಕ್ಡ್ ಮಿರರ್' (2012) ಕೃತಿಯು ಅನುಭವ ಮತ್ತು ಸಿದ್ಧಾಂತಗಳ ಸಂಬಂಧವನ್ನು ಚರ್ಚಿಸುತ್ತದೆ. ಬೇಡವೆನಿಸಿದಾಗ ಬಿಟ್ಟು ಹೊರಬರಲು ಸಾಧ್ಯವಿಲ್ಲದಿರುವುದೇ 'ಬದುಕಿದ ಅನುಭವ'ದ ಲಕ್ಷಣವೆಂಬುದು ಸರುಕ್ಕೈ ಅವರ ವಾದ. ಉಡುಗೆಯ ವಿಚಾರದಲ್ಲಿ ಈ ವ್ಯತ್ಯಾಸ ನಿರ್ಣಾಯಕವಾದುದು.

ಉಡುಗೆಯನ್ನು ಸ್ವಇಚ್ಛೆಯಿಂದ ತೊರೆದವರ ನಿದರ್ಶನಗಳು ನಮ್ಮ ಪರಂಪರೆಯಲ್ಲಿವೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು, ಉಡುಗೆಯನ್ನು ತೊರೆದ ಮೇಲೂ ಮೈಯನ್ನು ಕೂದಲಿನಿಂದ ಮರೆಮಾಡಿರುವುದೇಕೆ ಎಂದು ಅಕ್ಕಮಹಾದೇವಿಯನ್ನು ಪ್ರಶ್ನಿಸುತ್ತಾನೆ. ಆ ಮರೆ ನೋಡುವವರಿಗೆ ನೋವಾಗದಿರಲೆಂದು ಎಂಬುದು ಅಕ್ಕನ ಉತ್ತರದ ಸಾರ. ತೊರೆಯುವ ನಿರ್ಧಾರ ಆಕೆಯದೇ ಆದರೂ ಪರರ ನೋಟ ಆಕೆಯನ್ನು ಬಿಡಲಿಲ್ಲ. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಗಾಂಧೀಜಿ ತುಂಡು ಪಂಚೆಯನ್ನು ಅಂಗೀಕರಿಸಿದಾಗ ಅದು ಬಡವರೊಂದಿಗಿನ ತಾದಾತ್ಮ್ಯದ ಸಂಕೇತವಾಯಿತು. ಪೂರ್ಣ ಉಡುಗೆ ಅವರಿಗೆ ಲಭ್ಯವಿದ್ದುದರಿಂದಲೇ ಆ ತ್ಯಾಗಕ್ಕೆ ನೈತಿಕ ಅರ್ಥ ಒದಗಿತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ತಿರುವಾಂಕೂರಿನದು. ದೀರ್ಘ ಹೋರಾಟದ ನಂತರ 1859ರ ರಾಜಘೋಷಣೆಯು ನಾಡಾರ್ ಸ್ತ್ರೀಯರಿಗೆ ಎದೆಯನ್ನು ಮುಚ್ಚಿಕೊಳ್ಳುವ ಅನುಮತಿ ನೀಡಿತು; ಆದರೆ ಮೇಲ್ಜಾತಿಯ ಸ್ತ್ರೀಯರ ರೀತಿಯಲ್ಲಿ ಮುಚ್ಚಿಕೊಳ್ಳಬಾರದೆಂಬ ನಿರ್ಬಂಧವನ್ನು ಉಳಿಸಿಕೊಂಡಿತು. ಅಂದರೆ ಆಳುವವರನ್ನು ಕಾಡಿದ್ದು ಬಟ್ಟೆಯಲ್ಲ, ಸಮಾನವಾಗಿ ಕಾಣುವ ಸಾಧ್ಯತೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ದಲಿತ ಸ್ತ್ರೀಯರನ್ನು ಉದ್ದೇಶಿಸಿ, ಅಸ್ಪೃಶ್ಯರೆಂದು ಗುರುತಿಸುವಂತೆ ಸೀರೆ ಉಡುವ ಕ್ರಮವನ್ನು ಬಿಡಬೇಕೆಂದು ಕರೆನೀಡಿದರು. ಇದನ್ನು ಮೇಲ್ಜಾತಿಯ ಅನುಕರಣೆಯೆಂದಷ್ಟೇ ಓದುವುದು ಅಪೂರ್ಣ. ಮೈಮೇಲೆ ಹೇರಿದ ಗುರುತನ್ನು ಅಳಿಸುವ ಕ್ರಿಯೆಯಾಗಿಯೂ ಅದನ್ನು ಗ್ರಹಿಸಬೇಕಾಗುತ್ತದೆ.

ತೊರೆಯಬೇಕಾದರೆ ಮೊದಲು ತೊಡುವ ಹಕ್ಕಿರಬೇಕು. ಆದ್ದರಿಂದ ಸರಳತೆಯನ್ನು ಮೌಲ್ಯವೆಂದೂ ಅಲಂಕಾರವನ್ನು ಮೋಹವೆಂದೂ ಪರಿಗಣಿಸುವ ಮಾನದಂಡವನ್ನು ಎಲ್ಲರಿಗೂ ಏಕರೂಪವಾಗಿ ಅನ್ವಯಿಸಲಾಗದು. ಕನ್ನಡದ ದಲಿತ ಆತ್ಮಕಥನಗಳನ್ನೂ ಮಹಿಳಾ ಆತ್ಮಕಥನಗಳನ್ನೂ ಓದುವಾಗ ಅಲ್ಲಿ ಬರುವ ಹೊಸ ಅಂಗಿ, ಚಪ್ಪಲಿ, ಸೀರೆಗಳ ವಿವರಗಳನ್ನು ಕೇವಲ ಹಿನ್ನೆಲೆಯ ವರ್ಣನೆಯೆಂದು ಬದಿಗಿಡದೆ, ಘನತೆಯ ಪ್ರಶ್ನೆಯಾಗಿ ಪರಿಶೀಲಿಸುವುದು ಅಗತ್ಯ.