ಹಳದಿ ಬೋರ್ಡು ಬಿಳಿಯಾಗಬೇಕಾದರೆ

ಪುಣೆಯ ಹಡಪಸರದಲ್ಲಿ ಕ್ಯಾಬ್ ಓಡಿಸುತ್ತಿದ್ದ ವಿಜಯಪುರದ ಕಡೆಯವರೊಬ್ಬರು ಬಾಡಿಗೆ ಬಿಟ್ಟು ಕಾರನ್ನು ಮನೆಗೇ ಇಟ್ಟುಕೊಂಡರು. ಹಳದಿ ಪ್ಲೇಟಿನ ಮೇಲೆ ಬಿಳಿ ರೇಡಿಯಂ ಅಂಟಿಸಿ ನಂಬರ್ ಬರೆಸಿದ್ದರು. ಮೂಲೆಯಲ್ಲಿ ರೇಡಿಯಂ ಎದ್ದು ಒಳಗಿನ ಹಳದಿ ಇಣುಕುತ್ತಿತ್ತು. ಆರ್‌ಸಿಯಲ್ಲಿ ಮಾತ್ರ ಅದು ಮೋಟಾರ್ ಕ್ಯಾಬ್ ಆಗಿಯೇ ಇತ್ತು. ಕಾನೂನಿನ ಲೆಕ್ಕಕ್ಕೆ ಆರ್‌ಸಿಯೇ ಮುಖ್ಯ, ಬಣ್ಣವಲ್ಲ. ಇಂಥ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಆಗಲೇಬೇಕು.

ಇದನ್ನು ಖಾಸಗಿ ಕಾರಾಗಿ ಬದಲಾಯಿಸಬೇಕಾದರೆ, ಪುಣೆಯವರು 'ಟಿ ಪರ್ಮಿಟ್' ಎನ್ನುವ ಟೂರಿಸ್ಟ್ ಪರ್ಮಿಟ್ಟನ್ನು ಮೊದಲು ಸರೆಂಡರ್ ಮಾಡಿ ಅದರ ಸ್ವೀಕೃತಿ ಪಡೆಯಿರಿ. ಬಾಕಿ ತೆರಿಗೆ, ಇ-ಚಲನ್ ಕಟ್ಟಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ತನ್ನಿ. ಆಮೇಲೆ ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಎಂಎಚ್-12 ಗಾಡಿಯಾದರೆ ಸಂಗಮ ಸೇತುವೆ ಬಳಿಯ ಆರ್‌ಟಿಒ, ಎಂಎಚ್-14 ಆದರೆ ಪಿಂಪರಿ-ಚಿಂಚವಡ. ಇನ್‌ಸ್ಪೆಕ್ಟರ್ ಗಾಡಿಯನ್ನು ಕಣ್ಣಾರೆ ನೋಡುತ್ತಾರೆ.

ಜೇಬಿಗೆ ಭಾರವಾಗುವುದು ತೆರಿಗೆ. ಮಹಾರಾಷ್ಟ್ರದಲ್ಲಿ 1958ರ ಮೋಟಾರು ವಾಹನ ತೆರಿಗೆ ಕಾಯ್ದೆಯಂತೆ ಖಾಸಗಿ ಕಾರಿಗೆ ಒಂದೇ ಸಲ ತೆರಿಗೆ. ಗಾಡಿಯ ಬೆಲೆ, ಇಂಧನ, ವಯಸ್ಸು ನೋಡಿ ಮೊತ್ತ ನಿಗದಿಯಾಗುತ್ತದೆ. ಏಜೆಂಟ್ 'ಎಲ್ಲಾ ಸೇರಿ ಇಷ್ಟು' ಎಂದರೆ ಒಪ್ಪಬೇಡಿ, ಸರ್ಕಾರಿ ರಸೀದಿ ಕೇಳಿ. ಇನ್ನೊಂದು ಮಾತು: ಖಾಸಗಿ ನೋಂದಣಿಯ 15 ವರ್ಷ ಶುರುವಾಗುವುದು ಗಾಡಿ ಮೊದಲು ನೋಂದಣಿಯಾದ ದಿನದಿಂದ, ನೀವು ಬದಲಾಯಿಸಿದ ದಿನದಿಂದಲ್ಲ.

ಆರ್‌ಸಿ ಬದಲಾದ ಕೂಡಲೇ ಕಮರ್ಷಿಯಲ್ ವಿಮೆಯನ್ನೂ ಖಾಸಗಿ ಕಾರಿನ ಪಾಲಿಸಿಗೆ ಬದಲಾಯಿಸಿಕೊಳ್ಳಿ. ಇದನ್ನು ಮರೆತವರೇ ಹೆಚ್ಚು. ಬಿಳಿ ಬೋರ್ಡು ಬಂದ ಮೇಲೆ 'ಒಂದೇ ಟ್ರಿಪ್ಪು' ಎಂದು ಬಾಡಿಗೆಗೂ ಹೋಗಬೇಡಿ. ಪರ್ಮಿಟ್ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು. ಅದಕ್ಕಿಂತ ದೊಡ್ಡ ಅಪಾಯ ಅಪಘಾತದ್ದು. ಪರ್ಮಿಟ್ ಇಲ್ಲದ ಲಾರಿಯೊಂದರ ಪ್ರಕರಣದಲ್ಲಿ, ಅಮೃತ್ ಪಾಲ್ ಸಿಂಗ್ ವಿರುದ್ಧ ಟಾಟಾ ಎಐಜಿ, 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ವಿಮಾ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಆ ಹಣವನ್ನು ಮಾಲೀಕನಿಂದಲೇ ವಸೂಲಿ ಮಾಡಲಿ. ಮನೆ ಮಾರಿದರೂ ತೀರದ ಮೊತ್ತ ಅದಾಗಬಹುದು.

ಹಳೆಯ ಕ್ಯಾಬ್ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು, ಪರ್ಮಿಟ್ ಸರೆಂಡರ್ ಆಗುವವರೆಗೆ ಪೂರ್ತಿ ಹಣ ಕೊಡಬೇಡಿ. ಗಾಡಿಯನ್ನು ಕರ್ನಾಟಕಕ್ಕೇ ಒಯ್ಯುವುದಾದರೆ ಪುಣೆಯಲ್ಲೇ ಖಾಸಗಿ ಮಾಡಿಸಿ, ಬಳಿಕ ಫಾರ್ಮ್ 28ರಲ್ಲಿ ಎನ್‌ಒಸಿ ಪಡೆಯುವುದು ಲೇಸು. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಳ್ಳುವ ಗಾಡಿಗೆ ಇಲ್ಲಿನ ನಂಬರ್ ಬೇಕೇಬೇಕು.

ಕಚೇರಿಯಲ್ಲಿ ಬಾಯಿಮಾತಿನಲ್ಲಿ 'ಆಗೋದಿಲ್ಲ' ಎಂದರೆ ಕಾರಣವನ್ನು ಲಿಖಿತವಾಗಿ ಕೇಳಿ. ನೋಂದಣಿ ಪ್ರಾಧಿಕಾರದ ಆದೇಶದ ಮೇಲೆ ಮೋಟಾರು ವಾಹನ ಕಾಯ್ದೆಯ 57ನೇ ಕಲಮಿನಡಿ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ನಮ್ಮ ಸಕಾಲದಂತೆ ಮಹಾರಾಷ್ಟ್ರದಲ್ಲಿ 2015ರ ಲೋಕಸೇವಾ ಹಕ್ಕು ಕಾಯ್ದೆ ಇದೆ. ನಿಮ್ಮ ಕೆಲಸ ಅದರ ಪಟ್ಟಿಯಲ್ಲಿದೆಯೇ, ಎಷ್ಟು ದಿನದ ಗಡುವು ಎಂದು ಕಚೇರಿಯ ಫಲಕದಲ್ಲಿ ನೋಡಿಕೊಳ್ಳಿ.

ಹೊಸ ಬಿಳಿ ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಅಧಿಕೃತ ಕೇಂದ್ರದಲ್ಲೇ ಹಾಕಿಸಿ, ಫಾಸ್ಟ್ಯಾಗ್‌ಗೂ ಹೊಸ ಆರ್‌ಸಿ ಕೊಡಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ 200 ಟ್ರಿಪ್ಪಿನಂತೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಸಾತಾರ, ಕೊಲ್ಹಾಪುರ ದಾಟಿ ನಿಪ್ಪಾಣಿಗೆ ಬರುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಊರಿಗೆ ಓಡಾಡುವವರಿಗೆ ಅದು ಒದಗಿಬರುತ್ತದೆ.